ಅಜ್ಜಿಯ ಕೋಳಿಗೆ ಆ್ಯಪ್ ಬೇಕಾ?

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಹಿಡಿದ ವಿಷಯ ಹಕ್ಕಿಜ್ವರ. ಕೋಳಿ ಸದ್ದನ್ನು ಮೈಕ್‌ನಲ್ಲಿ ಕೇಳಿ ಕಾಯಿಲೆ ಇದೆಯಾ ಅಂತ ಹೇಳೋ ಆ್ಯಪ್. ಸ್ಲೈಡ್‌ಗಳೇನೋ ಚೆನ್ನಾಗಿದ್ದವು. ನಮ್ಮಲ್ಲೊಬ್ಬನ ಅಜ್ಜಿ ಹಿತ್ತಲಲ್ಲಿ ನಾಟಿ ಕೋಳಿ ಸಾಕ್ತಾರೆ, ಅವರಿಗೂ ತೋರಿಸಿದೆವು. "ಕೋಳಿ ಸತ್ರೆ ಕಣ್ಣಿಗೇ ಕಾಣುತ್ತಲ್ಲ, ಫೋನ್ ಯಾಕೆ?" ಅಂದರು.

ನಮ್ಮ ಹತ್ರ ಉತ್ತರ ಇರಲಿಲ್ಲ. ಎಚ್‌5ಎನ್‌1 ಕೋಳಿಗೆ ತಗುಲಿದರೆ ಬಚ್ಚಿಟ್ಟುಕೊಳ್ಳೋ ಕಾಯಿಲೆ ಅಲ್ಲ, ಸಾಲುಸಾಲಾಗಿ ಸಾಯ್ತವೆ. ತೊಂದರೆ ಆಗೋದು ಆಮೇಲೆ. ಸತ್ತದ್ದನ್ನು ಕೆರೆ ಕಡೆ ಎಸೀತಾರೆ, ಉಳಿದದ್ದನ್ನು ಸಂತೆಗೆ ಒಯ್ತಾರೆ, ಇಲ್ಲಾ ಬೇಗ ಕೊಯ್ದು ಸಾರು ಮಾಡ್ತಾರೆ. ಚೆನ್ನಾಗಿ ಬೆಂದ ಸಾರಿನಲ್ಲಿ ವೈರಸ್ ಉಳಿಯಲ್ಲ. ಅಪಾಯ ಇರೋದು ಪುಕ್ಕ ಕೀಳುವ, ಕೊಯ್ಯುವ ಕೈಗೆ.

ಹಾಗಾದರೆ ಯಾಕೆ ಯಾರೂ ಹೇಳಲ್ಲ? 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಕೋಳಿಗಳು ಸತ್ತಾಗ ಮಾದರಿ ಭೋಪಾಲದ ಲ್ಯಾಬ್‌ಗೆ ಹೋಯಿತು. ಹಕ್ಕಿಜ್ವರ ಖಚಿತವಾದ ಮೇಲೆ 1 ಕಿ.ಮೀ. ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಬೇಕು, 10 ಕಿ.ಮೀ. ತನಕ ನಿಗಾ ಇಡಬೇಕು ಅನ್ನೋದು ನಿಯಮ. ಅಂದರೆ ನೀವು ಫೋನ್ ಮಾಡಿದರೆ ಪಕ್ಕದ ಮನೆಯ ಗಟ್ಟಿಮುಟ್ಟಾದ ಕೋಳಿಯೂ ಹೋಗುತ್ತೆ. ಇಡೀ ಬೀದಿ ಮುನಿಸಿಕೊಳ್ಳುತ್ತೆ. ಹಳ್ಳಿಯಲ್ಲಿ ಇದು ಸಣ್ಣ ಬೆಲೆ ಅಲ್ಲ.

ಪರಿಹಾರ ಇದೆ, ಕೇಂದ್ರ ಅರ್ಧ, ರಾಜ್ಯ ಅರ್ಧ ಕೊಡುತ್ತೆ. ಆದರೆ ಅದು ಸಿಬ್ಬಂದಿ ಕೊಂದ ಕೋಳಿಗೆ ಮಾತ್ರ, ಮೊದಲೇ ಸತ್ತದ್ದಕ್ಕೆ ಇಲ್ಲ. ಬೇಗ ಹೇಳಿದಷ್ಟು ಲಾಭ ಅಂತಾಯ್ತು. ಇದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ. ನಮಗೂ ಪ್ರಾಜೆಕ್ಟ್ ಮಾಡೋವರೆಗೆ ಗೊತ್ತಿರಲಿಲ್ಲ ಬಿಡಿ. ನಮ್ಮನ್ನು ಕೇಳಿದರೆ, ಮೊದಲು ಸುದ್ದಿ ಕೊಟ್ಟ ಮನೆಗೆ ಸತ್ತ ಕೋಳಿಗೂ ದುಡ್ಡು ಕೊಡಬೇಕು, ಅದೂ ಬೇಗ. ಮೋಸ ಆಗುತ್ತೆ ಅಂತೀರಾ? ಹತ್ತು ಕೋಳಿ ಸಾಯಿಸಿ ಯಾರು ಸಾಹುಕಾರರಾಗ್ತಾರೆ?

ಕೊನೆಗೆ ಆ್ಯಪ್ ಬಿಟ್ಟು ಒಂದು ಪುಟದ ಕರಪತ್ರ ಮಾಡಿದೆವು. ಸತ್ತ ಕೋಳಿಯನ್ನು ಬರಿಗೈಲಿ ಮುಟ್ಟಬೇಡಿ, ಮೂಗು ಬಾಯಿ ಮುಚ್ಚಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಕೆರೆಗೆ ಎಸೆಯಬೇಡಿ. ಉಳಿದದ್ದನ್ನು ಸಂತೆಗೆ ಒಯ್ಯಬೇಡಿ. ಪಶು ಆಸ್ಪತ್ರೆಗೆ ಇಲ್ಲವೇ 1962ಕ್ಕೆ ಫೋನ್ ಮಾಡಿ. ಕೊಲ್ಲುವ ಕೋಳಿಗೆ ಪರಿಹಾರ ಉಂಟು. ಕೋಳಿ ಮುಟ್ಟಿದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಕೋಳಿ ವಿಷಯವನ್ನೂ ಹೇಳಿ.

ರಿವ್ಯೂ ದಿನ "ಕೋಡ್ ಎಲ್ಲಿ?" ಅಂತ ಕೇಳಿದರು. ಮಾರ್ಕ್ಸ್ ಕಮ್ಮಿ ಬಂತು. ಕರಪತ್ರದ ಪ್ರತಿಗಳು ಕ್ಲಬ್ ರೂಮಿನ ಕಪಾಟಿನಲ್ಲಿವೆ, ಹಬ್ಬಕ್ಕೆ ಊರಿಗೆ ಹೋಗುವವರು ತಗೊಂಡು ಹೋಗಿ.