ಅಜ್ಜನ ಮಂಚವನ್ನು ಅಡಿಕೆ ಒಲೆಗೆ ಹಾಕಬೇಡಿ

ನಂದೊಳ್ಳಿಯ ಬಂಧುಗಳೇ, ಯಲ್ಲಾಪುರ, ಶಿರಸಿ, ಸಿದ್ದಾಪುರದ ಊರುಕೇರಿಗಳಲ್ಲಿ ಹಳೆಯ ಮನೆ ಇಟ್ಟುಕೊಂಡವರೇ,

ಮನೆ ಹಿಸೆಯಾದಾಗ, ಹಳೆಯದನ್ನು ಕಿತ್ತು ಆರ್‌ಸಿಸಿ ಮನೆ ಕಟ್ಟುವಾಗ, ಎಲ್ಲಕ್ಕಿಂತ ಮೊದಲು ಅಂಗಳಕ್ಕೆ ಬೀಳುವುದು ಮರದ ಸಾಮಾನು. ಕಾಲು ಅಲುಗುವ ಮಂಚ, ಬೆತ್ತ ಹರಿದ ಆರಾಮ ಕುರ್ಚಿ, ಬಾಗಿಲು ಜೋತುಬಿದ್ದ ಕಪಾಟು, ಭತ್ತ ತುಂಬುತ್ತಿದ್ದ ಪೆಟ್ಟಿಗೆ. ‘ಇಟ್ಕಂಡು ಎಂತ ಮಾಡದು?’ ಎಂಬ ಒಂದೇ ಮಾತಿಗೆ ಅವುಗಳ ಆಯುಷ್ಯ ಮುಗಿಯುತ್ತದೆ. ಒಂದಿಷ್ಟು ಗುಜರಿಯವನ ಗಾಡಿ ಹತ್ತುತ್ತವೆ. ಒಂದಿಷ್ಟು ಕೊಟ್ಟಿಗೆಯ ಮೂಲೆಯಲ್ಲಿ ಒರಲೆಯ ಪಾಲು. ಉಳಿದದ್ದು ಕೊಯ್ಲಿನ ಹೊತ್ತಿಗೆ ಅಡಿಕೆ ಬೇಯಿಸುವ ಹಂಡೆಯ ಬುಡಕ್ಕೆ. ಇದು ನಿಲ್ಲಲಿ ಎಂದು ಕೈಮುಗಿದು ಕೇಳುತ್ತಿದ್ದೇನೆ.

ಆ ಮಂಚದ ಮರ ಎಲ್ಲಿಂದ ಬಂತು? ಸಾಗವಾನಿಯಿರಲಿ, ಬೀಟೆ, ಹೊನ್ನೆ, ಮತ್ತಿ, ಹಲಸಿರಲಿ, ಎಲ್ಲ ಈ ಘಟ್ಟದ್ದೇ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕೊಡಲಿಗೆ ಅಡ್ಡಲಾಗಿ ಮರ ತಬ್ಬಿ ನಿಂತರು; ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ನಾವಿದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಿಂತ ಮರದ ಮೇಲಿನ ಆ ಪ್ರೀತಿ, ಬಿದ್ದು ಮಂಚವಾದ ಮರದ ಮೇಲೆ ಯಾಕಿಲ್ಲ? ಹಳೆಯದನ್ನು ಸುಟ್ಟವರು ಹೊಸದನ್ನು ಕೊಳ್ಳಲೇಬೇಕು, ಅದಕ್ಕೆ ಎಲ್ಲೋ ಇನ್ನೊಂದು ಮರ ಉರುಳಲೇಬೇಕು.

ಮರದ್ದು ದುಬಾರಿ ಎಂದು ಅನೇಕರು ಪಾರ್ಟಿಕಲ್ ಬೋರ್ಡಿನ ಕಪಾಟು ತರುತ್ತಾರೆ. ಮರದ ಹೊಟ್ಟಿಗೆ ಅಂಟು ಸೇರಿಸಿ ಒತ್ತಿದ ಹಲಗೆ ಅದು. ಬಯಲುಸೀಮೆಯ ಪೇಟೆಗಳಲ್ಲಿ ನಡೆದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಕಡೆ ಅದು ಅಂಚಿನಿಂದ ತೇವ ಕುಡಿದು ಉಬ್ಬುತ್ತದೆ, ತಿರುಪು ಹಿಡಿತ ಬಿಡುತ್ತದೆ. ಒಮ್ಮೆ ಉಬ್ಬಿದ್ದನ್ನು ಯಾವ ಆಚಾರಿಯೂ ಸರಿಮಾಡಲಾರ. ಅಜ್ಜನ ಮಂಚವೋ ಹತ್ತಾರು ಮಳೆಗಾಲ ಕಂಡು, ಬಾಗುವಷ್ಟು ಬಾಗಿ, ಒಣಗಿ ಗಟ್ಟಿಯಾದದ್ದು. ಅಂಥ ಮರ ಇಂದು ದುಡ್ಡು ಸುರಿದರೂ ಸುಲಭಕ್ಕೆ ಸಿಗದು.

ರಿಪೇರಿಗೂ ದುಡ್ಡು ಬೇಕಲ್ಲ ಎನ್ನುತ್ತೀರಿ. ಬೇಕು, ಆದರೆ ಬಹುಪಾಲು ಕೈಕೆಲಸವೇ. ಅಲುಗುವ ಮಂಚಕ್ಕೆ ಮೊಳೆ ಹೊಡೆಯಬೇಡಿ. ಮೊಳೆ ಮರವನ್ನು ಸೀಳುತ್ತದೆ, ತುಕ್ಕು ಹಿಡಿದು ಸುತ್ತಲೂ ಕಪ್ಪು ಮಾಡುತ್ತದೆ. ಹಳೆಯ ಬೆಣೆ ತೆಗೆದು, ಚೆನ್ನಾಗಿ ಒಣಗಿದ ಮರದ ಹೊಸ ಬೆಣೆ ಹೊಡೆಸಿ, ಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಕುಟ್ಟೆ ಇದೆ. ತೂತುಗಳಿಗೆ ಸಿರಿಂಜಿನಲ್ಲಿ ಔಷಧ ಬಿಟ್ಟು, ಮರದ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ಮುಚ್ಚಿ. ಪಾಲಿಶ್ ಕಾಗದವನ್ನು ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಅಡ್ಡ ಬಿದ್ದ ಗೀರು ಆಮೇಲೆ ಎದ್ದು ಕಾಣುತ್ತದೆ. ನೆಲಕ್ಕೆ ತಾಗುವ ಕಾಲಿನ ತುದಿಗೆ ಒರಲೆ ಹತ್ತದ ಹಾಗೆ ಗೇರೆಣ್ಣೆ ಹಚ್ಚಿ. ಅದು ಕೈ ಸುಡುತ್ತದೆ, ಜೋಪಾನ. ಉಳಿದದ್ದಕ್ಕೆ ಅರಗು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಹತ್ತಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತೆಳ್ಳಗೆ ಎಳೆಯಿರಿ. ಒಣಗಲು ಬಿಟ್ಟು ಮತ್ತೆ ಎಳೆಯಿರಿ. ನಾಲ್ಕನೆಯ, ಐದನೆಯ ಕೈಗೆ ಬೀಟೆಯ ಕಪ್ಪು ಗೆರೆಗಳು ಮೇಲೆದ್ದು ಬರುತ್ತವೆ. ದಯಮಾಡಿ ಆ ಗೆರೆಗಳ ಮೇಲೆ ಆಯಿಲ್ ಪೇಂಟ್ ಬಳಿಯಬೇಡಿ.

ಮಂಚಕ್ಕೆ ಹಾಸಲೂ ಪೇಟೆಗೆ ಓಡಬೇಕಿಲ್ಲ. ನಮ್ಮದೇ ಯಲ್ಲಾಪುರ ತಾಲೂಕಿನ ಸಿದ್ದಿ ಹೆಣ್ಣುಮಕ್ಕಳು ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೆ ‘ಫುಲಾ’ ಎಂಬ ಮಡಿಚಿದ ಬಟ್ಟೆಯ ತ್ರಿಕೋನ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ ಅವರು. ಈ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೆ ಹೋಗಿ ಬಂದಿವೆ. ನಮ್ಮ ಎಷ್ಟು ಮನೆಗಳೊಳಗೆ ಬಂದಿವೆ? ಆಯಿಯ ಹಳೆಯ ಸೀರೆ ಕೊಟ್ಟು ಹೊಲಿಸಿ. ಚೌಕಾಸಿ ಬೇಡ, ಹೊಲಿಗೆಗೆ ಹಿಡಿದ ದಿನಗಳನ್ನು ಎಣಿಸಿ ಕೂಲಿ ಕೊಡಿ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ಪಾತ್ರೆಪಗಡಿಗಳನ್ನು ಉಳಿಸಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿದರು. ಒಬ್ಬ ಮನುಷ್ಯನ ಜೀವಮಾನವೇ ಅದಕ್ಕೆ ಸಂದಿತು. ಟಿಕೆಟ್ ಕೊಟ್ಟು ನೋಡಿ ‘ಎಂಥ ಕೆಲಸ!’ ಎಂದು ಬೆರಗಾಗಿ ಬರುವ ನಾವು, ಅಂಥದ್ದನ್ನೇ ಮನೆಯಲ್ಲಿ ಕೊಳೆಯಲು ಬಿಟ್ಟಿದ್ದೇವೆ. ವಸ್ತುಸಂಗ್ರಹಾಲಯದ ಮಂಚದ ಮೇಲೆ ಯಾರೂ ಮಲಗುವಂತಿಲ್ಲ. ನಿಮ್ಮದರ ಮೇಲೆ ಮೊಮ್ಮಕ್ಕಳು ಕುಣಿಯಬಹುದು.

ನಿಮಗೇ ಬೇಡವೆಂದರೆ ಬೇಡ. ಬೆಂಗಳೂರಿನ ಫ್ಲ್ಯಾಟಿನ ಲಿಫ್ಟಿನಲ್ಲಿ ಅಜ್ಜನ ಕಪಾಟು ಹಿಡಿಸದು, ಒಪ್ಪಿದೆ. ಆದರೆ ಗುಜರಿಯವನಿಗೆ ಕೊಡುವ ಮೊದಲು ಊರಲ್ಲಿ ಒಂದು ಮಾತು ಹೇಳಿ. ಹೊಸದಾಗಿ ಸಂಸಾರ ಹೂಡಿದವರು, ಹಿಸೆಯಾಗಿ ಬರಿಗೈಯಲ್ಲಿ ಬೇರೆ ಒಲೆ ಹಚ್ಚಿದವರು, ಮಕ್ಕಳಿಗೆ ಓದಲು ಮೇಜಿಲ್ಲದವರು ನಮ್ಮ ನಡುವೆಯೇ ಇದ್ದಾರೆ. ಗುಜರಿಯವ ಹೇಳಿದ ದರಕ್ಕೇ ಅವರಿಗೆ ಕೊಡಿ. ಕೈಲಾದರೆ ಹಾಗೆಯೇ ಕೊಡಿ.

ಮಳೆ ಹಿಡಿದರೆ ಅರಗು ಬೆಳ್ಳಗಾಗುತ್ತದೆ, ಕೆಲಸ ಕೆಡುತ್ತದೆ. ಕೊಯ್ಲು ಮುಗಿದ ಮೇಲಿನ ಬಿಸಿಲೇ ಇದಕ್ಕೆ ಸರಿಯಾದ ಕಾಲ. ಒಂದು ಕುರ್ಚಿಯನ್ನಾದರೂ ಈ ಬೇಸಿಗೆಯಲ್ಲಿ ಹೊರಗೆ ತೆಗೆಯಿರಿ. ಬೆಣೆ ಹೊಡೆಯಬಲ್ಲ ಆಚಾರಿಗಳಿಗೆ ವಯಸ್ಸಾಗುತ್ತಿದೆ, ಅವರ ಮಕ್ಕಳು ಪ್ಲೈವುಡ್ ಕೆಲಸ ಹುಡುಕಿ ಪೇಟೆ ಸೇರುತ್ತಿದ್ದಾರೆ. ಇವತ್ತೇ ಹೇಳಿ ಕಳಿಸಿ.