ಸೊನ್ನೆ ಬಿಲ್ ಸಾವಿರ ದಾಟುವುದು ಹೇಗೆ?

ಬೇಸಿಗೆ ರಜೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಬಂದು ಹೋದ ಮೇಲೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ. ಕಳೆದ ತಿಂಗಳು ಸೊನ್ನೆ ಇದ್ದ ಕರೆಂಟ್ ಬಿಲ್ ಈ ತಿಂಗಳು ಸಾವಿರ ದಾಟಿದ್ದು ಹೇಗೆ? ಮೀಟರ್ ಕೆಟ್ಟಿದೆ ಎನ್ನುವವರಿದ್ದಾರೆ, ರೀಡಿಂಗ್ ತಪ್ಪಿದೆ ಎನ್ನುವವರೂ ಇದ್ದಾರೆ. ಹೆಚ್ಚಿನ ಸಂದರ್ಭಗಳಲ್ಲಿ ಮೀಟರ್ ಸರಿಯಾಗಿಯೇ ಇರುತ್ತದೆ. ಬಿಲ್ ಏರುವುದಕ್ಕೆ ಕಾರಣ ನಿಯಮದಲ್ಲಿಯೇ ಇದೆ.

2023ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳೋಣ. ಆ ವರ್ಷ ಮೇ 12ರಂದು ವಿದ್ಯುತ್ ನಿಯಂತ್ರಣ ಆಯೋಗವು ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿ, ಅದನ್ನು ಏಪ್ರಿಲ್ 1ರಿಂದಲೇ ಅನ್ವಯಿಸಿತು. ಹಿಂದಿನ ಬಾಕಿ ಜೂನ್ ಬಿಲ್‌ನಲ್ಲಿ ಸೇರಿತು. 100 ಯೂನಿಟ್ ಒಳಗಿದ್ದರೆ ಯೂನಿಟ್‌ಗೆ 4.75 ರೂಪಾಯಿ, ಅದನ್ನು ದಾಟಿದರೆ ಬಳಸಿದ ಎಲ್ಲಾ ಯೂನಿಟ್‌ಗಳಿಗೂ 7 ರೂಪಾಯಿ. 100 ಯೂನಿಟ್‌ಗೆ 475 ರೂಪಾಯಿಯಾದರೆ 101ಕ್ಕೆ 707. ಒಂದೇ ಯೂನಿಟ್‌ಗೆ 232 ರೂಪಾಯಿ ವ್ಯತ್ಯಾಸ! ಮಳೆಯೂ ತಡವಾಗಿದ್ದರಿಂದ ಫ್ಯಾನು, ಬಾವಿಯ ಪಂಪು ಬಿಡುವಿಲ್ಲದೆ ಓಡಿದ್ದವು. 2024ರ ಏಪ್ರಿಲ್‌ನಿಂದ ಆ ಎರಡು ದರ ಹೋಗಿ, ಎಲ್ಲರಿಗೂ ಯೂನಿಟ್‌ಗೆ 5.90 ರೂಪಾಯಿಯಾಯಿತು. 2025ರ ಏಪ್ರಿಲ್‌ನಿಂದ ಅದು 5.80ಕ್ಕೆ ಇಳಿಯಿತು. ಆದರೆ ಅದೇ ಹೊತ್ತಿಗೆ ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಏರಿತು.

ಆ ಗೆರೆ ಅಳಿಸಿಹೋದರೂ ಇನ್ನೊಂದು ಗೆರೆ ಬಂದಿದೆ. ಅದು ಗೃಹಜ್ಯೋತಿಯದು. ಉಚಿತ 200 ಯೂನಿಟ್ ಎಲ್ಲರಿಗೂ ಸಿಗುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ, ತೀರಾ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, 2022-23ರಲ್ಲಿ ಆ ಮನೆಯ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು ಮಾತ್ರ ಉಚಿತ. ಸರಾಸರಿ 150 ಇದ್ದ ಮನೆಗೆ 165 ಯೂನಿಟ್. ಆ ಮನೆ 195 ಯೂನಿಟ್ ಬಳಸಿದರೆ ಹೆಚ್ಚುವರಿ 30ಕ್ಕೆ, 2025ರ ದರದಲ್ಲಿ, 174 ರೂಪಾಯಿ. 205 ಬಳಸಿದರೆ ರಿಯಾಯಿತಿ ಪೂರ್ತಿ ಹೋಗುತ್ತದೆ. ಯೂನಿಟ್ ದರವೇ 1,189 ರೂಪಾಯಿ. ಅದರ ಮೇಲೆ ನಿಗದಿತ ಶುಲ್ಕ (3 ಕಿಲೋವ್ಯಾಟ್ ಮನೆಗೆ 435 ರೂಪಾಯಿ), ಸರ್‌ಚಾರ್ಜ್, ತೆರಿಗೆ.

ಇಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಅಣ್ಣತಮ್ಮಂದಿರು ಬೇರೆಯಾಗಿ ಎರಡು ಮೀಟರ್ ಹಾಕಿಸಿಕೊಂಡರೆ ಇಬ್ಬರಿಗೂ ರಿಯಾಯಿತಿ. ಒಂದೇ ಸೂರಿನಡಿ ಹತ್ತು ಜನ ಕೂಡಿ ಬಾಳಿ 250 ಯೂನಿಟ್ ಬಳಸಿದರೆ ಪೂರ್ತಿ ಹಣ. 2022-23ರಲ್ಲಿ ಮಿತವಾಗಿ ಬಳಸಿದವರಿಗೆ ಇಂದು ಕಡಿಮೆ ಉಚಿತ, ಧಾರಾಳವಾಗಿ ಬಳಸಿದವರಿಗೆ ಹೆಚ್ಚು. ಗಲ್ಫ್‌ನಲ್ಲಿ ದುಡಿದು, ಬೀಗ ಹಾಕಿದ್ದ ಮನೆಗೆ ಮರಳಿದವರ ಹಳೆಯ ಸರಾಸರಿ ತೀರಾ ಚಿಕ್ಕದು. ಬಡವರಿಗೆ ನೆರವಾಗಬೇಕಾದ ಯೋಜನೆಯಲ್ಲಿ ಈ ಕೊರತೆಗಳನ್ನು ಸರಕಾರ ಸರಿಪಡಿಸಬೇಕೆಂದು ಕೇಳುವುದು ತಪ್ಪಲ್ಲ.

ಅಲ್ಲಿಯ ತನಕ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಬಿಲ್ ಬಂದಾಗ ಮೊತ್ತಕ್ಕೆ ಮೊದಲು ದಿನಗಳನ್ನು ನೋಡಿ. ದಿನಕ್ಕೆ 6 ಯೂನಿಟ್ ಬಳಸುವ ಮನೆಗೆ 30 ದಿನಕ್ಕೆ 180, 34 ದಿನಕ್ಕೆ 204. ಬಿಲ್‌ನಲ್ಲಿರುವ ರೀಡಿಂಗ್‌ನ್ನು ಮೀಟರ್ ಜೊತೆ ಹೋಲಿಸಿ. ಹೆಚ್ಚುವರಿ ಭದ್ರತಾ ಠೇವಣಿ ಎಂದು ಕೇಳಿದ್ದರೆ ಅದು ದಂಡವಲ್ಲ. ಎರಡು ತಿಂಗಳ ಸರಾಸರಿ ಬಿಲ್‌ಗೆ ಸಮನಾಗಿ ಇಡಬೇಕಾದ ನಮ್ಮದೇ ಹಣ, ಅದಕ್ಕೆ ಬಡ್ಡಿಯೂ ಇದೆ.

ಮನೆಯೊಳಗೆ 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ಬಾವಿಯ ಪಂಪಿನ ಫುಟ್‌ವಾಲ್ವ್ ಸೋರುತ್ತಿದ್ದರೆ ಟ್ಯಾಂಕ್ ತುಂಬಲು ಹೊತ್ತು ಹಿಡಿದು ಬಿಲ್ ಮೆಲ್ಲನೆ ಏರುತ್ತದೆ. ಎಲ್ಲಾ ಸ್ವಿಚ್ ಆರಿಸಿದ ಮೇಲೂ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ಎಲೆಕ್ಟ್ರಿಶಿಯನ್‌ರನ್ನು ಕರೆಸಬೇಕು.

ಇಷ್ಟಾದರೂ ಲೆಕ್ಕ ತಾಳೆಯಾಗದಿದ್ದರೆ 1912ಕ್ಕೆ ಕರೆ ಮಾಡಿ, ಉಪವಿಭಾಗ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ. ನೆರೆಮನೆಯಲ್ಲಿ ಒಂಟಿಯಾಗಿರುವ ಹಿರಿಯರು ಬಿಲ್ ಹಿಡಿದು ಗಾಬರಿಯಾಗಿದ್ದರೆ ಹತ್ತು ನಿಮಿಷ ಕುಳಿತು ಓದಿ ಹೇಳಿ. ಲೆಕ್ಕ ಅರ್ಥವಾದರೆ ಅವರ ಅರ್ಧ ಚಿಂತೆ ಅಲ್ಲೇ ಇಳಿಯುತ್ತದೆ.