ತಣ್ಣನೆ ದೇಶದ ಏರುಮಡಿ ನಮ್ಮ ಹಿತ್ತಲಿಗೆ ಯಾಕೆ?

ಗೌರಿಬಿದನೂರು ಸುತ್ತಮುತ್ತ ಮನೆ ಹಿತ್ತಲಲ್ಲಿ ಪರ್ಮಾಕಲ್ಚರ್ ಮಾಡ್ತೀವಿ ಅನ್ನೋರು ಈಗ ಸಿಗ್ತಾರೆ. ಸಂತೋಷ. ಆದರೆ ಅವರು ಮೊದಲು ಮಾಡೋ ಕೆಲಸ ಇಟ್ಟಿಗೆ ತಂದು ಎರಡಡಿ ಎತ್ತರದ ಏರುಮಡಿ ಕಟ್ಟೋದು. ವಿಡಿಯೋದಲ್ಲಿ ಹಾಗೇ ಇತ್ತು ಅಂತಾರೆ. ನನ್ನ ಪ್ರಕಾರ ನಮ್ಮ ಸೀಮೆಯ ತರಕಾರಿ ಹಿತ್ತಲಿಗೆ ಇದು ದುಡ್ಡು, ನೀರು ಎರಡನ್ನೂ ತಿನ್ನೋ ಪದ್ಧತಿ.

ಆ ಪದ್ಧತಿ ಎಲ್ಲಿಂದ ಬಂತು ನೋಡಿ. ಪರ್ಮಾಕಲ್ಚರ್ ಅನ್ನೋ ಹೆಸರು ಕೊಟ್ಟವರು ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್. ಅವರ ಮೊದಲ ಪುಸ್ತಕ ಬಂದದ್ದು 1978ರಲ್ಲಿ, ಕೆಲಸ ಮಾಡಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ. ಅದು ತಂಪು ನಾಡು. ಇಂಗ್ಲೆಂಡ್, ಕೆನಡಾ ಕಡೆಯೂ ಚಳಿಗಾಲ ಮುಗಿಯೋ ಹೊತ್ತಿಗೆ ಮಣ್ಣು ತೊಯ್ದು ತಣ್ಣಗೆ ಕೂತಿರುತ್ತೆ, ಬೀಜ ಹಾಕಿದ್ರೆ ಕೊಳೆಯುತ್ತೆ. ಮಡಿ ಎತ್ತರಿಸಿದ್ರೆ ನೀರು ಬಸಿದು ಮಣ್ಣು ಬೇಗ ಬಿಸಿಯಾಗುತ್ತೆ. ಮಣ್ಣಿಗೆ ಬಿಸಿಲು ತಾಗಲಿ ಅಂತ ಹೊದಿಕೆಯನ್ನೂ ಸರಿಸ್ತಾರೆ, ಗಿಡಗಳನ್ನು ದಕ್ಷಿಣದ ಗೋಡೆಗೆ ಒರಗಿಸ್ತಾರೆ. ಎಲ್ಲವೂ ಶಾಖ ಹಿಡಿಯೋ ಉಪಾಯ.

ನಮಗೇನು ಶಾಖದ ಕೊರತೆನಾ? ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ಸಾವಿರ ಅಡಿ ದಾಟಿದ ಬೋರ್‌ವೆಲ್, ಹಲವು ಊರಲ್ಲಿ ಆ ನೀರಲ್ಲೂ ಫ್ಲೋರೈಡ್. ಉತ್ತರ ಪಿನಾಕಿನಿ ಪಕ್ಕದಲ್ಲೇ ಇದ್ದರೂ ಅದರಲ್ಲಿ ನೀರು ನೋಡೋದು ಅಪರೂಪ. ಇಂಥ ಕಡೆ ಮಡಿ ಎತ್ತರಿಸೋದು ಅಂದ್ರೆ ನಾಲ್ಕೂ ಪಕ್ಕದಿಂದ ನೀರನ್ನು ಗಾಳಿಗೆ ಒಪ್ಪಿಸಿದ ಹಾಗೆ. ಮಾರ್ಚ್ ಬಂತು ಅಂದ್ರೆ ದಿನಕ್ಕೆ ಎರಡು ಸಲ ಹನಿಸಬೇಕು. ಆ ಬಿಂದಿಗೆ ಹೊರೋದು ಯಾರು ಅನ್ನೋದು ನಿಮಗೇ ಗೊತ್ತು.

ನಮಗೆ ಬೇಕಿರೋದು ತಗ್ಗುಮಡಿ. ನೆಲಮಟ್ಟಕ್ಕಿಂತ 4–6 ಇಂಚು ಕೆಳಗೆ ಮಡಿ, ಸುತ್ತ ಓಡಾಡೋ ಬದು. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ವಾಪಸ್ ಹಾಕಿ. ಮೇಲೆ ಹೊಂಗೆ ಎಲೆ, ರಾಗಿ ಹುಲ್ಲು, ಅವರೆ ಸಿಪ್ಪೆ, ಮನೇಲಿ ಏನಿದೆಯೋ ಅದನ್ನೇ ಮೂರು ಇಂಚು ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ಬರೀ ಒಣ ಹೊದಿಕೆಗೆ ಗೆದ್ದಲು ಹತ್ತುತ್ತೆ, ಹಸಿ ಸೊಪ್ಪೂ ಸೇರಿಸಿ. ಸೆಪ್ಟೆಂಬರ್–ಅಕ್ಟೋಬರ್ ಜೋರು ಮಳೆಗೆ ಒಂದು ಕಡೆ ಬದು ಕಡಿದು ನೀರು ಬಿಡಿ; ಜೇಡಿಮಣ್ಣಾದ್ರೆ ಇದನ್ನು ಮರೀಬೇಡಿ. ಪಡುವಣ ದಿಕ್ಕಿಗೆ ನುಗ್ಗೆ, ಕರಿಬೇವು ಇದ್ದರೆ ಮಧ್ಯಾಹ್ನದ ಬಿಸಿಲಿಗೆ ನೆರಳು. ಬಚ್ಚಲ ನೀರು ಬಾಳೆಗೆ. 600 ಚದರಡಿ ಮನೆಯ ಸೂರಿನ ಮೇಲೆ ವರ್ಷಕ್ಕೆ ಬೀಳೋ ಮಳೆ ಸುಮಾರು 39,000 ಲೀಟರ್. ಐದರಲ್ಲೊಂದು ಪಾಲು ಹಾಳಾದರೂ 30,000 ಲೀಟರ್ ಹಿಡೀಬಹುದು. ಇಟ್ಟಿಗೆ ದುಡ್ಡನ್ನು ಆ ತೊಟ್ಟಿಗೆ ಹಾಕಿ.

ಇನ್ನು ನಮ್ಮ ಚಳಿ. ಡಿಸೆಂಬರ್–ಜನವರಿಯಲ್ಲಿ ರಾತ್ರಿ 12–15 ಡಿಗ್ರಿ ಆಗಬಹುದು. ಇದು ಹೆದರೋ ಚಳಿ ಅಲ್ಲ, ಹಿತ್ತಲಿಗೆ ಇದೇ ಸುಗ್ಗಿ. ಕೊತ್ತಂಬರಿ ಬೇಗ ಹೂ ಬಿಡದೆ ಸೊಪ್ಪಾಗಿ ನಿಲ್ಲುತ್ತೆ. ಬಟಾಣಿ, ನವಿಲುಕೋಸು, ಕ್ಯಾರೆಟ್ ಚೆನ್ನಾಗಿ ಬರುತ್ತೆ. ಪ್ಲಾಸ್ಟಿಕ್ ಗುಡಾರ ಬೇಡವೇ ಬೇಡ, ಸಸಿ ಒಳಗೇ ಬುಡ ಕೊಳೆಯುತ್ತೆ. ಮೆಣಸಿನಕಾಯಿ ಬೀಜ ಮೊಳೆಯೋದು ತಡ ಆದ್ರೆ ಮೊಳಕೆ ಕಾಣೋವರೆಗೆ ಹುಲ್ಲು ಮುಚ್ಚಿದ್ರೆ ಸಾಕು. ನೀರು ಬೆಳಿಗ್ಗೆ ಕೊಡಿ, ಸಂಜೆ ಎಲೆ ತೋಯಿಸಬೇಡಿ.

ಅವರೆಯನ್ನೇ ತಗೊಳ್ಳಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಾಕೋ ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂ ಬಿಡೋದು. ಅಮೆರಿಕದ ಉತ್ತರ ರಾಜ್ಯಗಳಲ್ಲಿರೋ ನಮ್ಮವರು ಇದೇ ಬೀಜ ಒಯ್ದು ಹಿತ್ತಲಲ್ಲಿ ಹಾಕಿದ್ರೆ ಬೇಸಿಗೆಯ ಉದ್ದ ಹಗಲಲ್ಲಿ ಬರೀ ಬಳ್ಳಿ. ಹೂ ಬರೋ ಹೊತ್ತಿಗೆ ಹಿಮ ಬಿದ್ದು ಸುಟ್ಟು ಹೋಗುತ್ತೆ. ಅವರಿಗೆ ಹಗಲಿನ ಲೆಕ್ಕ ಇಡದ ಹೆಬ್ಬಾಳ ಅವರೆ-4ರಂಥ ತಳಿ ಬೇಕು. ಅಲ್ಲಿ ನಮ್ಮ ಬೀಜ ಸೋತ ಹಾಗೇ ಇಲ್ಲಿ ಅವರ ಮಡಿ ಸೋಲುತ್ತೆ. ರಾಗಿ, ಅವರೆ, ತೊಗರಿ, ಹುಚ್ಚೆಳ್ಳು ಒಟ್ಟಿಗೆ ಬೆಳೆಯೋ ಅಕ್ಕಡಿ ಸಾಲನ್ನು ಮಾತ್ರ ಯಾರೂ ಪರ್ಮಾಕಲ್ಚರ್ ಅನ್ನಲ್ಲ. ಹಿತ್ತಲ ಗಿಡ ಮದ್ದಲ್ಲ, ಅಲ್ವಾ!

ಏರುಮಡಿ ಈಗಾಗಲೇ ಕಟ್ಟಿದ್ದರೆ ಒಡೆಯಬೇಡಿ. ಮುಂಗಾರಿಗೆ ಅದರಲ್ಲಿ ಶುಂಠಿ, ಅರಿಸಿನ ಹಾಕಿ, ಅವು ಹಾಕದೆ ಖಾಲಿ ಬಿಟ್ಟ ಕಡೆ ಚಳಿಗೆ ಕ್ಯಾರೆಟ್. ಮಾರ್ಚ್‌ನಿಂದ ಮೇವರೆಗೆ ದಪ್ಪ ಹೊದಿಕೆ ಹಾಕಿ ಸುಮ್ಮನೆ ಬಿಡಿ.